ದುಡ್ಡು ಕೊಡ್ತಾರಂತೆ, ಆದ್ರೆ ಯಾವಾಗ?

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ ಮಂಡ್ಯದ ಗೆಳೆಯರೊಬ್ಬರು ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಾಫಿ ಕುಡಿದು ಲೋಟ ಕೆಳಗಿಟ್ಟವರೇ ಬ್ಯಾಗಿನಿಂದ ವೀಸಾ ಅರ್ಜಿಯ ಕಾಗದಗಳಿದ್ದ ಒಂದು ಪ್ಲಾಸ್ಟಿಕ್ ಫೈಲು ತೆಗೆದು ಊಟದ ಮೇಜಿನ ಮೇಲೆ ಹರಡಿದರು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಫಾರ್ಮ್ 16. ಸಂಬಳದ ಚೀಟಿಗಳು. ಆಹ್ವಾನ ಪತ್ರ. 30 ಸಾವಿರ ಯೂರೋ ಕವರ್ ಇರುವ ಪ್ರಯಾಣ ವಿಮೆ. ವಿಮಾನದ್ದೂ ಹೋಟೆಲಿನದೂ ತಾತ್ಕಾಲಿಕ ಬುಕಿಂಗು. 35ಕ್ಕೆ 45 ಮಿಲಿಮೀಟರಿನ ಎರಡು ಫೋಟೋ. ಮೊದಲು ತೆಗೆಸಿದ್ದರಲ್ಲಿ ಮುಖ ಚಿಕ್ಕದಾಯಿತು ಅಂತ ಮತ್ತೆ ತೆಗೆಸಿದ್ದು. ಒಂದೊಂದು ಕಾಗದಕ್ಕೂ ಎರಡೆರಡು ಜೆರಾಕ್ಸ್. ಮದುವೆ ಮನೆಯಲ್ಲೂ ಇಷ್ಟು ಲೆಕ್ಕಪತ್ರ ಇರುವುದಿಲ್ಲ.

ಈ ಮೇಷ್ಟ್ರು ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಕೂತು ಸಾಫ್ಟ್‌ವೇರ್‌ಗಳನ್ನು ಕನ್ನಡಕ್ಕೆ ತರುತ್ತಾರೆ. ಆರೇಳು ವರ್ಷದಿಂದ ಮಾಡುತ್ತಿದ್ದಾರೆ. ಯಾರೂ ಸಂಬಳ ಕೊಡುವುದಿಲ್ಲ, ಇವರು ಕೇಳಿದವರೂ ಅಲ್ಲ. ಆ ಕೆಲಸ ನೋಡಿ ಯುರೋಪಿನ ಒಂದು ಊರಿನಲ್ಲಿ ಜುಲೈ ಕೊನೆಗೆ ನಡೆಯುವ ಸಮ್ಮೇಳನಕ್ಕೆ ಅವರಿಗೆ ಸ್ಕಾಲರ್‌ಶಿಪ್ ಸಿಕ್ಕಿತ್ತು. ನಾನು ಕಂಗ್ರಾಟ್ಸ್ ಹೇಳಿದೆ. ಅವರ ಮುಖದಲ್ಲಿ ಖುಷಿಯೇನೂ ಕಾಣಲಿಲ್ಲ.

"ಅಲ್ಲ ಕಣಣ್ಣ, ದುಡ್ಡು ಕೊಡ್ತೀವಿ ಅಂದವ್ರೆ. ಆದ್ರೆ ಹೋಗಿ ಬಂದು ಬಿಲ್ಲು ಕಳಿಸಿದ್ ಮೇಲಂತೆ. ಇದೂ ಕಬ್ಬಿನ ಬಿಲ್ ಥರಾನೇ ಆಯ್ತಲ್ಲ!"

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿದು ಲಾರಿಗೆ ಹಾಕಿ ಕಳಿಸಿರುತ್ತೀರಿ. ದುಡ್ಡು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಯಾವಾಗ ಅನ್ನುವುದಷ್ಟೇ ಗೊತ್ತಿರುವುದಿಲ್ಲ. ಅಷ್ಟರಲ್ಲಿ ಮುಂದಿನ ಬೆಳೆಗೆ ಗೊಬ್ಬರ ಬೇಕು, ಮಗಳ ಕಾಲೇಜಿನ ಫೀಸು ಕಟ್ಟಬೇಕು. ಕೈಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ. ಅಂತರರಾಷ್ಟ್ರೀಯ ಸಮುದಾಯ ಸಮ್ಮೇಳನಗಳ ವಿಷಯದಲ್ಲಿ ನಾನು ಹೇಳಬೇಕೆಂದಿರುವುದೂ ಹೆಚ್ಚುಕಡಿಮೆ ಇಷ್ಟೇ. ಖರ್ಚು ಕಡಿಮೆ ಮಾಡುವ ಬಗ್ಗೆ ಸಂಘಟಕರು ತುಂಬಾ ಯೋಚಿಸುತ್ತಾರೆ. ತಾರೀಖುಗಳ ಬಗ್ಗೆ ಅಷ್ಟು ಯೋಚಿಸುವುದಿಲ್ಲ. ನಮ್ಮ ಕಡೆಯವರು ಮುಗ್ಗರಿಸುವುದು ಮಾತ್ರ ಬಹುಪಾಲು ತಾರೀಖುಗಳಲ್ಲೇ.

ಸಮುದಾಯ ಸಮ್ಮೇಳನ ಅಂದರೆ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ವಿಕಿಪೀಡಿಯದಲ್ಲಿ ಬರೆಯುವವರು ವರ್ಷಕ್ಕೊಮ್ಮೆ ಸೇರುವ ವಿಕಿಮೇನಿಯಾ ಇದೆ. 2005ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಶುರುವಾಯಿತು. ಡೆಬಿಯನ್ ತಂತ್ರಾಂಶ ಕಟ್ಟುವವರ ಡೆಬ್‌ಕಾನ್ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಕ್ಷೆ ಬಿಡಿಸುವವರ ಸ್ಟೇಟ್ ಆಫ್ ದಿ ಮ್ಯಾಪ್ ಇದೆ. ಇಂಥವು ಇನ್ನೂ ಹತ್ತಾರು. ಇಲ್ಲಿಗೆ ಬರುವವರಲ್ಲಿ ಬಹಳ ಜನ ಬಿಟ್ಟಿ ಕೆಲಸ ಮಾಡಿದವರು. ದೊಡ್ಡ ಕಂಪನಿಗಳ ಸಮ್ಮೇಳನಕ್ಕೆ ಹೋಗುವವರಿಗೆ ಟಿಕೆಟ್, ಹೋಟೆಲ್, ಟ್ಯಾಕ್ಸಿ ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತದೆ. ಇಲ್ಲಿ ಕೆಲಸವೂ ನಿಮ್ಮದೇ, ಬಸ್ ಚಾರ್ಜೂ ನಿಮ್ಮದೇ.

ಆ ಬಸ್ ಚಾರ್ಜು ಎಷ್ಟು? ಅವತ್ತು ಮೇಷ್ಟ್ರ ಜೊತೆ ಕೂತು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ಯೂರೋಗೆ ಸುಲಭಕ್ಕೆ ನೂರು ರೂಪಾಯಿ ಅಂತ ಇಟ್ಟುಕೊಂಡೆವು. ವಿಮಾನಕ್ಕೆ ಹೋಗಿ ಬರಲು 75 ಸಾವಿರ. ಯುರೋಪಿನ ಬಹುಪಾಲು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದ ಫೀಸು 2024ರ ಜೂನ್‌ನಿಂದ 90 ಯೂರೋ ಆಗಿದೆ, ಮೊದಲು 80 ಇತ್ತು. ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಸರ್ವೀಸ್ ಚಾರ್ಜು. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಹೋಟೆಲು ನಾಲ್ಕು ರಾತ್ರಿಗೆ 35 ಸಾವಿರದ ಮೇಲೆ. ಊಟ ತಿಂಡಿ, ಅಲ್ಲಿನ ಮೆಟ್ರೋ, ವಿಮೆ, ಬೆಂಗಳೂರಿಗೆ ಎರಡು ಮೂರು ಓಡಾಟ. ಒಟ್ಟು ಒಂದೂವರೆ ಲಕ್ಷದ ಹತ್ತಿರ ಬಂತು. ಮೇಷ್ಟ್ರ ಎರಡು ತಿಂಗಳ ಸಂಬಳ. ಸಮ್ಮೇಳನದ ಪ್ರವೇಶ ಶುಲ್ಕ ಇದರಲ್ಲಿ ಇಲ್ಲವೇ ಇಲ್ಲ, ಅದು ಅವರಿಗೆ ಮಾಫಿಯಾಗಿತ್ತು.

ಇಲ್ಲಿ ಒಂದು ಮಾತು. ಕಡಿಮೆ ಖರ್ಚಿನ ಸಮ್ಮೇಳನ ಅಂದ ಕೂಡಲೇ ಎಲ್ಲರೂ ಪ್ರವೇಶ ಶುಲ್ಕದ ಮೇಲೆ ಕಣ್ಣಿಡುತ್ತಾರೆ. ಬ್ರಸೆಲ್ಸ್‌ನ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ನಡೆಯುವ, ಮುಕ್ತ ತಂತ್ರಾಂಶದವರ ಫಾಸ್ಡೆಮ್ ಸಮ್ಮೇಳನಕ್ಕೆ ಪ್ರವೇಶ ಪೂರ್ತಿ ಉಚಿತ. ನೋಂದಣಿ ಕೂಡ ಬೇಡ, ಸುಮ್ನೆ ನಡೆದು ಒಳಗೆ ಹೋಗಬಹುದು. ಸಾವಿರಾರು ಜನ ಬರುತ್ತಾರೆ. ಪ್ಯಾರಿಸ್‌ನವರಿಗೋ ಆಮ್‌ಸ್ಟರ್‌ಡ್ಯಾಮ್‌ನವರಿಗೋ ಅದು ನಿಜಕ್ಕೂ ಬಿಟ್ಟಿ ಸಮ್ಮೇಳನ. ಬೆಳಗ್ಗೆ ರೈಲು ಹತ್ತಿದರೆ ಆಯಿತು. ಮಂಡ್ಯದವರಿಗೆ ಒಂದೂವರೆ ಲಕ್ಷದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಅಮೆರಿಕದಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರು ಸೇರುವ ಪೈಕಾನ್‌ನವರು ಇದನ್ನು ಬೇರೆ ಥರ ಮಾಡುತ್ತಾರೆ. ಅಲ್ಲಿ ಭಾಷಣ ಮಾಡುವವರೂ ಸಂಘಟಕರೂ ಟಿಕೆಟ್ ಕೊಂಡೇ ಬರಬೇಕು. ಕೈಲಾಗದವರಿಗೆ ಬೇರೆ ನಿಧಿಯಿಂದ ನೆರವು. ಬರುವ ಎಲ್ಲರಿಗೂ ನೂರು ರೂಪಾಯಿ ಕಡಿಮೆ ಮಾಡುವುದಕ್ಕಿಂತ ಬರಲಾಗದವರಿಗೆ ಸಾವಿರ ಕೊಡುವುದು ಒಳ್ಳೆಯದು ಅನ್ನುವ ಲೆಕ್ಕಾಚಾರ. ನನಗೆ ಇದೇ ಸರಿ ಅನ್ನಿಸುತ್ತದೆ. ಆ ಸಾವಿರವನ್ನು ಯಾವಾಗ ಕೊಡುತ್ತಾರೆ ಅನ್ನುವುದು ಮುಂದಿನ ಪ್ರಶ್ನೆ.

ಈಗ ಮೇಷ್ಟ್ರ ಕ್ಯಾಲೆಂಡರಿಗೆ ಬರೋಣ. ಸ್ಕಾಲರ್‌ಶಿಪ್ ಸಿಕ್ಕಿದೆ ಅನ್ನುವ ಇಮೇಲ್ ಬಂದದ್ದು ಏಪ್ರಿಲ್ ಕೊನೆಗೆ. ಸಮ್ಮೇಳನ ಜುಲೈ ಕೊನೆಗೆ. ಮೂರು ತಿಂಗಳು ಅಂದರೆ ಬೇಕಾದಷ್ಟಾಯಿತು ಅಂತ ಕಳಿಸಿದವರು ಅಂದುಕೊಂಡಿರಬಹುದು. ಅವರ ಊರಿನವರಿಗೆ ಸಾಕು ಕೂಡ.

ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರಾ ತಡವೆಂದರೆ 15 ದಿನ ಮೊದಲು ಹಾಕಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಇದೆಲ್ಲ ಅರ್ಜಿ ಒಳಗೆ ಹೋದ ಮೇಲಿನ ಮಾತು. ಅರ್ಜಿ ಕೊಡಲು ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗಬೇಕು. ಏಪ್ರಿಲ್, ಮೇ ಅಂದರೆ ರಜೆಯಲ್ಲಿ ಸ್ವಿಟ್ಜರ್ಲೆಂಡ್ ನೋಡಲು ಹೊರಟವರೆಲ್ಲ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಮೇಷ್ಟ್ರಿಗೆ ಸಿಕ್ಕಿದ್ದು ಜೂನ್ ಮೂರನೇ ವಾರ. ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಬೆರಳಚ್ಚು ಕೊಡಲು ಒಂದು ರಜೆ ಹಾಕಿ ಬೆಂಗಳೂರಿಗೆ ಹೋಗಿ ಬಂದರು.

ಅವರು ಸರ್ಕಾರಿ ನೌಕರರು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಆ ಕಡತ ಒಂದು ಆಫೀಸಿನಿಂದ ಅದರ ಮೇಲಿನ ಆಫೀಸಿಗೆ ಹೋಗಿ, ಸಹಿಯಾಗಿ ಇಳಿದು ಬರಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದ ಇನ್ನೊಂದು ಇದೆ. ವಿದೇಶಿ ದೇಣಿಗೆಗೆ ಸಂಬಂಧಪಟ್ಟ 2010ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೌಕರರು ಹೊರದೇಶದಲ್ಲಿ ವಿದೇಶಿ ಸಂಸ್ಥೆಯ ಆತಿಥ್ಯ ಪಡೆಯುವುದಕ್ಕೆ ಕೇಂದ್ರ ಸರ್ಕಾರದ ಅನುಮತಿ ಮೊದಲೇ ತೆಗೆದುಕೊಳ್ಳಬೇಕು. ಆತಿಥ್ಯ ಅಂದರೆ ವಿಮಾನದ ಖರ್ಚು, ಉಳಿಯುವ ಜಾಗ, ಊಟ. ಸ್ಕಾಲರ್‌ಶಿಪ್ ಅಂದರೂ ಅದೇ ಅಲ್ವಾ? ಅದಕ್ಕೆ ಎಫ್‌ಸಿ-2 ಅಂತ ಒಂದು ಅರ್ಜಿ ಇದೆ, ಆನ್‌ಲೈನ್‌ನಲ್ಲಿ ಗೃಹ ಇಲಾಖೆಗೆ ಹಾಕಬೇಕು. ಶಾಸಕರು, ನ್ಯಾಯಾಧೀಶರು, ರಾಜಕೀಯ ಪಕ್ಷದ ಪದಾಧಿಕಾರಿಗಳು ಹೊರಗಿನವರ ಹಂಗಿಗೆ ಬೀಳಬಾರದು ಅಂತ ಮಾಡಿದ ನಿಯಮ. ಅದರಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರೂ ಸೇರಿಕೊಂಡಿದ್ದಾರೆ. ನನಗೂ ಇದು ಗೊತ್ತಿರಲಿಲ್ಲ. ಅವರ ಶಾಲೆಯ ಹಿರಿಯ ಗುಮಾಸ್ತರೊಬ್ಬರು ಹೇಳಿದ್ದರಂತೆ. ಸ್ಕಾಲರ್‌ಶಿಪ್ ಕೊಟ್ಟವರಿಗಂತೂ ಇಂಥದ್ದೊಂದು ಇದೆ ಅನ್ನುವ ಕಲ್ಪನೆಯೇ ಇರಲಿಲ್ಲ.

ಮೂರು ಕಡೆ ಮೂರು ಅರ್ಜಿ. ಒಂದಕ್ಕೆ ಇನ್ನೊಂದರ ಕಾಗದ ಬೇಕು. ವೀಸಾ ಸಿಗುವ ತನಕ ಟಿಕೆಟ್ ತೆಗೆಯಲು ಭಯ. ಟಿಕೆಟ್ ತೆಗೆಯದಿದ್ದರೆ ದಿನಾ ಬೆಲೆ ಏರುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದ 75 ಸಾವಿರ ಕೊನೆಗೆ 98 ಆಯಿತು. ಸ್ಕಾಲರ್‌ಶಿಪ್ ನಿಯಮದಲ್ಲಿ ವಿಮಾನಕ್ಕೆ 80 ಸಾವಿರದ ಮಿತಿ ಇತ್ತು. ಮೇಲಿನ 18 ಸಾವಿರ ಮೇಷ್ಟ್ರ ಜೇಬಿನದು. ಇಮೇಲ್ ಫೆಬ್ರವರಿಯಲ್ಲಿ ಬಂದಿದ್ದರೆ ಈ 18 ಸಾವಿರ ಉಳಿಯುತ್ತಿತ್ತು. ಯಾರೂ ಹೊಸದಾಗಿ ಒಂದು ಪೈಸೆ ಕೊಡಬೇಕಾಗಿರಲಿಲ್ಲ.

ಇನ್ನು ಕಬ್ಬಿನ ಬಿಲ್ಲಿನ ಕಥೆ. ಒಂದೂವರೆ ಲಕ್ಷ ಎಲ್ಲಿಂದ ತರುವುದು? ಕ್ರೆಡಿಟ್ ಕಾರ್ಡು ಅವರ ಹತ್ತಿರ ಇಲ್ಲ. ಮಂಡ್ಯದಲ್ಲಿ ಎರಡು ಲಕ್ಷದ ಒಂದು ಚೀಟಿ ಹಾಕಿದ್ದರು. ಇನ್ನೂ ಮೊದಲ ತಿಂಗಳುಗಳು, ಯಾರೂ ಎತ್ತುವ ಕಾಲವಲ್ಲ. ಮೇಷ್ಟ್ರು 36 ಸಾವಿರಕ್ಕೆ ಕೂಗಿ ಎತ್ತಿಕೊಂಡರು. ಕೈಗೆ ಬಂದದ್ದು 1 ಲಕ್ಷ 64 ಸಾವಿರ. ಕಂತು ಮಾತ್ರ ಎರಡು ಲಕ್ಷಕ್ಕೇ. ಆ 36 ಸಾವಿರದಲ್ಲಿ ಅವರ ಪಾಲಿಗೂ ಒಂದಿಷ್ಟು ಡಿವಿಡೆಂಡ್ ಬರುತ್ತೆ ಬಿಡಿ, ಉಳಿದದ್ದು ಹೋಯಿತು. ಬಿಲ್ಲುಗಳ ಜೊತೆ ಇದನ್ನು ಕಳಿಸಲು ಆಗುತ್ತದೆಯೇ? ಚೀಟಿ ಅಂದರೆ ಏನು ಅಂತ ಆ ಊರಿನ ಅಕೌಂಟೆಂಟಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸುವುದನ್ನು ನೆನೆಸಿಕೊಂಡು ನಾವಿಬ್ಬರೂ ನಕ್ಕೆವು.

ವೀಸಾ ಬಂದದ್ದು ಹೊರಡಲು ಆರು ದಿನ ಇರುವಾಗ. ಹೋದರು, ಬಂದರು, ಒಳ್ಳೆಯ ಕೆಲಸವನ್ನೇ ಮಾಡಿ ಬಂದರು. ಅದಕ್ಕೆ ಆಮೇಲೆ ಬರುತ್ತೇನೆ. ಬಿಲ್ಲು ಕಳಿಸಿದ ಮೇಲೆ ಪ್ರಶ್ನೆಗಳು ಶುರುವಾದವು. ಬೋರ್ಡಿಂಗ್ ಪಾಸ್ ಎಲ್ಲಿ? ಈ ಊಟದ ರಸೀದಿಯಲ್ಲಿ ಅಕ್ಷರ ಕಾಣುತ್ತಿಲ್ಲ. ಕಾಣುವುದು ಹೇಗೆ, ಆ ನಯವಾದ ಕಾಗದದ ಮೇಲಿನ ಶಾಯಿ ನಮ್ಮ ಬಿಸಿಲಿಗೆ ವಾರದಲ್ಲಿ ಮಾಸಿ ಹೋಗುತ್ತದೆ. ಮೈಸೂರಿನಿಂದ ದೇವನಹಳ್ಳಿಗೆ ಹೋದ ಫ್ಲೈಬಸ್ಸಿನ ಟಿಕೆಟ್ಟಿಗೂ ವಿವರಣೆ ಕೇಳಿದರು. ಒಂದು ಊರಿನಿಂದ ವಿಮಾನ ನಿಲ್ದಾಣಕ್ಕೇ ನಾಲ್ಕು ಗಂಟೆಗೂ ಮೇಲೆ ಪ್ರಯಾಣ ಇರಬಹುದು ಅನ್ನುವುದು ಅವರಿಗೆ ಹೊಸ ವಿಷಯ. ದುಡ್ಡು ಖಾತೆಗೆ ಬಂದದ್ದು ನವೆಂಬರಿನಲ್ಲಿ.

ಕಬ್ಬಿಗಾದರೂ ಒಂದು ಕಾನೂನಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತೆಗೆದುಕೊಂಡ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತದೆ ಅಂತ ಕೇಳಬೇಡಿ. ಆದರೆ ಗಡುವು ಅಂತ ಒಂದು ಇದ್ದರೆ ಅದನ್ನು ಹಿಡಿದುಕೊಂಡು ಜಗಳವಾದರೂ ಆಡಬಹುದು. ಬಹಳಷ್ಟು ಸಮ್ಮೇಳನಗಳ ಸ್ಕಾಲರ್‌ಶಿಪ್ ಪತ್ರದಲ್ಲಿ ನೀವು ಬಿಲ್ಲು ಕಳಿಸಲು ಗಡುವು ಇರುತ್ತದೆ. ಅವರು ದುಡ್ಡು ಕೊಡಲು ಇರುವುದಿಲ್ಲ.

ಇದರಿಂದ ಆಗುವುದೇನೆಂದರೆ, ಆಮೇಲೆ ಕೊಡುವ ನೆರವು ತನಗೆ ಗೊತ್ತಿಲ್ಲದೆಯೇ ಜನರನ್ನು ಸೋಸಿಬಿಡುತ್ತದೆ. ಮೈಸೂರಿನ ಹೆಬ್ಬಾಳದಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಹುಡುಗನಿಗೆ ಎರಡು ಕ್ರೆಡಿಟ್ ಕಾರ್ಡು ಇರುತ್ತದೆ, ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲಿ ಮೊದಲೇ ಒಂದು ಅಮೆರಿಕದ ಸ್ಟಾಂಪೂ ಇರುತ್ತದೆ. ಅವನಿಗೆ ಇದು ಬರೀ ಕಿರಿಕಿರಿ. ಮಳವಳ್ಳಿಯ ಕಡೆಯ ಗೃಹಿಣಿಯೊಬ್ಬರು ಊರೂರಿನ ಜನಪದ ಹಾಡು ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಏರಿಸುತ್ತಾರೆ ಅಂತ ಇಟ್ಟುಕೊಳ್ಳಿ. ಅವರಿಗೆ ಇದು ಗೋಡೆ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತೋರಿಸಲು ಅವರ ಹೆಸರಿನಲ್ಲಿ ಏನಿರುತ್ತದೆ? ಯಾರಾದರೂ ಸಾಲ ಕೊಟ್ಟು ಖಾತೆಗೆ ಹಾಕಿದರೆ, ಇಷ್ಟು ದುಡ್ಡು ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬೇರೆ. ಒಮ್ಮೆ ಹೋಗಿ ಬಂದವರಿಗೆ ಎರಡನೆಯ ವೀಸಾ ಸುಲಭ. ಅರ್ಜಿಯಲ್ಲಿ 'ಹಿಂದಿನ ಅನುಭವ' ಅನ್ನುವ ಜಾಗ ತುಂಬಿಸುವುದೂ ಸುಲಭ. ಹೀಗಾಗಿ ವರ್ಷ ವರ್ಷ ಅದದೇ ಮುಖಗಳು. ಅವರ ತಪ್ಪೇನಿಲ್ಲ ಇದರಲ್ಲಿ.

ಪರಿಹಾರ ಕಷ್ಟದ್ದೇನಲ್ಲ. ಕೆಲವು ದೊಡ್ಡ ಸಂಸ್ಥೆಗಳು ಟಿಕೆಟ್, ರೂಮು ಎರಡನ್ನೂ ತಾವೇ ಬುಕ್ ಮಾಡಿ ಕೊಡುತ್ತವೆ. ಹೋಗುವವರ ಕೈಯಿಂದ ದೊಡ್ಡ ದುಡ್ಡು ಹೊರಡುವುದೇ ಇಲ್ಲ. ಚಿಕ್ಕ ಸಂಘಟನೆಗಳಿಗೆ ಅಷ್ಟು ಆಗದಿದ್ದರೆ ಅರ್ಧದಷ್ಟಾದರೂ ಮುಂಗಡ ಕೊಡಬಹುದು. ವೀಸಾ ಫೀಸನ್ನು ಅರ್ಜಿ ಹಾಕುವಾಗಲೇ ಕೊಡಬಹುದು, ವೀಸಾ ಸಿಗಲಿ ಬಿಡಲಿ. ಊಟಕ್ಕೆ ರಸೀದಿ ಕೇಳುವ ಬದಲು ದಿನಕ್ಕೆ ಇಷ್ಟು ಅಂತ ಭತ್ಯೆ ಕೊಟ್ಟರೆ ಅವರ ಅಕೌಂಟೆಂಟಿಗೂ ನೆಮ್ಮದಿ. ನಮ್ಮಲ್ಲಿ ಸರ್ಕಾರಿ ನೌಕರರಿಗೆ ದಿನಭತ್ಯೆ ಕೊಡುವ ಪದ್ಧತಿ ಎಷ್ಟು ಕಾಲದಿಂದ ಇದೆ! ಮುಂಗಡ ತೆಗೆದುಕೊಂಡು ಬರದೇ ಇದ್ದರೆ ಅನ್ನುವ ಭಯ ಸಂಘಟಕರಿಗೆ ಇರುತ್ತದೆ. ಇರಲಿ. ಆರು ವರ್ಷ ಬಿಟ್ಟಿ ಕೆಲಸ ಮಾಡಿದವರನ್ನು ಎಪ್ಪತ್ತೈದು ಸಾವಿರಕ್ಕೆ ನಂಬಲಾಗದಿದ್ದರೆ ಅದನ್ನು ಸಮುದಾಯ ಅಂತ ಯಾಕೆ ಕರೆಯಬೇಕು?

ಜಾಗದ ವಿಷಯಕ್ಕೆ ಬಂದರೆ ಕಥೆ ಇನ್ನೂ ಸ್ವಾರಸ್ಯ. 2016ರ ವಿಕಿಮೇನಿಯಾ ಇಟಲಿಯ ಎಸಿನೋ ಲಾರಿಯೋ ಅನ್ನುವ ಬೆಟ್ಟದ ಹಳ್ಳಿಯಲ್ಲಿ ನಡೆಯಿತು. ಊರಿನ ಜನಸಂಖ್ಯೆ 800 ಕೂಡ ಇಲ್ಲ. ದೊಡ್ಡ ಹೋಟೆಲುಗಳಿಲ್ಲ. ಬಂದವರಲ್ಲಿ ಬಹಳ ಜನ ಊರಿನವರ ಮನೆಗಳಲ್ಲಿ ಉಳಿದರು. ನಮ್ಮ ಮೇಲುಕೋಟೆಯಲ್ಲಿ ವೈರಮುಡಿಗೆ ಬಂದವರು ಛತ್ರಗಳಲ್ಲಿ, ನೆಂಟರ ಮನೆಗಳಲ್ಲಿ ಸೇರಿಕೊಳ್ಳುವುದಿಲ್ಲವೇ, ಹಾಗೆ. ಉಳಿಯುವ ಖರ್ಚು ತಗ್ಗಿಸುವುದಕ್ಕೆ ಇದಕ್ಕಿಂತ ಚೆಂದದ ದಾರಿ ನನಗೆ ಗೊತ್ತಿಲ್ಲ. ಆದರೆ ಅಲ್ಲಿಗೆ ತಲುಪಲು ಷೆಂಗೆನ್ ವೀಸಾ ಬೇಕೇ ಬೇಕು, ಮಿಲಾನ್‌ನಿಂದ ಮುಂದೆ ಬೆಟ್ಟದ ತಿರುವು ದಾರಿ ಹತ್ತಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಬೆಟ್ಟದ ಊರಿನ ಏರುದಾರಿಗಳು ಹೇಗಿರಬಹುದು ಅಂತ ಮೇಲುಕೋಟೆ ಮೆಟ್ಟಿಲು ಹತ್ತಿದ ಯಾರಾದರೂ ಊಹಿಸಬಹುದು.

2023ರಲ್ಲಿ ಡೆಬ್‌ಕಾನ್ ಕೊಚ್ಚಿಗೆ ಬಂತು. ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಎರ್ನಾಕುಲಂ. ಜಗತ್ತಿನ ಸಮ್ಮೇಳನವೊಂದು ಬಸ್ ಟಿಕೆಟ್ಟಿನ ದೂರಕ್ಕೆ ಬಂದಿತ್ತು. ಬ್ಯಾಂಕ್ ಸ್ಟೇಟ್‌ಮೆಂಟೂ ಬೇಡ, ಫೋಟೋದಲ್ಲಿ ಮುಖ ಎಷ್ಟು ದೊಡ್ಡದಿದೆ ಅಂತ ಯಾರೂ ಅಳೆಯುವುದಿಲ್ಲ. ಅದೇ ವರ್ಷ ಏಪ್ರಿಲ್ ಕೊನೆಗೆ ಹೈದರಾಬಾದಿನಲ್ಲಿ ಭಾರತದ ವಿಕಿ ಸಮ್ಮೇಳನ, ಆಗಸ್ಟಿನಲ್ಲಿ ಸಿಂಗಪುರದಲ್ಲಿ ವಿಕಿಮೇನಿಯಾ. 2025ರ ವಿಕಿಮೇನಿಯಾ ನೈರೋಬಿಯಲ್ಲಿ. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಆನ್‌ಲೈನ್ ಪರವಾನಗಿ ಮಾಡಿದೆ, ಶುರುವಾದಾಗ ಫೀಸು 30 ಡಾಲರ್ ಇತ್ತು. ಅರ್ಜಿ ಹಾಕಲು ಬೆಂಗಳೂರಿನಲ್ಲಿ ಸಾಲು ನಿಲ್ಲಬೇಕಿಲ್ಲ, ಮನೆಯಲ್ಲೇ ಕೂತು ಹಾಕಬಹುದು. ಜಾಗ ಆರಿಸುವಾಗ ಹೋಟೆಲ್ ರೇಟು, ಸಭಾಂಗಣದ ಬಾಡಿಗೆ ನೋಡುವಂತೆ ವೀಸಾ ನಿಯಮವನ್ನೂ ನೋಡಿದರೆ ಎಷ್ಟೋ ತಲೆನೋವು ಕಡಿಮೆ.

ಹಾಗಂತ ಎಲ್ಲವನ್ನೂ ನಮ್ಮಲ್ಲೇ ಮಾಡಿ ಅನ್ನುವ ಹಾಗೂ ಇಲ್ಲ. ಭಾರತಕ್ಕೆ ಸಮ್ಮೇಳನಕ್ಕೆಂದು ಬರುವವರಿಗೆ ಕಾನ್ಫರೆನ್ಸ್ ವೀಸಾ ಬೇಕು. ಅದಕ್ಕೆ ಸಂಘಟಕರು ವಿದೇಶಾಂಗ ಮತ್ತು ಗೃಹ ಇಲಾಖೆಗಳಿಂದ ಕಾರ್ಯಕ್ರಮಕ್ಕೆ ಒಪ್ಪಿಗೆ ತಂದುಕೊಡಬೇಕು. ನಮ್ಮ ನೆರೆಯವರೇ ಆದ ಪಾಕಿಸ್ತಾನ, ಬಾಂಗ್ಲಾದೇಶದವರಿಗೆ ಎಷ್ಟು ಕಷ್ಟ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಬ್ರಸೆಲ್ಸ್‌ನವರನ್ನು ಬೈಯುವಾಗ ಢಾಕಾದಲ್ಲಿ ಯಾರೋ ನಮ್ಮನ್ನು ಬೈಯುತ್ತಿರುತ್ತಾರೆ.

ಕಡಿಮೆ ಖರ್ಚಿನಲ್ಲಿ ಸಾವಿರಾರು ಜನರನ್ನು ಸೇರಿಸುವ ವಿದ್ಯೆ ನಮಗೆ ಹೊಸದೇನಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1915ರಿಂದ ನಡೆಯುತ್ತಿದೆ, ಊರಿಂದ ಊರಿಗೆ ಹೋಗುತ್ತದೆ. ಮಂಡ್ಯಕ್ಕೆ 1974, 1994 ಆದ ಮೇಲೆ 2024ರ ಡಿಸೆಂಬರಿನಲ್ಲಿ 87ನೆಯದು ಬಂತು. ಬಾಡೂಟದ ಜಗಳ ಎಲ್ಲರಿಗೂ ನೆನಪಿದೆ, ವ್ಯವಸ್ಥೆಯ ಬಗ್ಗೆ ದೂರುಗಳೂ ಇದ್ದವು. ನಾನು ಹೇಳಬೇಕೆಂದಿರುವುದು ಬೇರೆ. ಪ್ರತಿನಿಧಿಗಳಿಗೆ ಹಾಸ್ಟೆಲು, ಛತ್ರಗಳಲ್ಲಿ ಜಾಗ. ಬಂದವರಿಗೆಲ್ಲ ಊಟ. ಎಲ್ಲಕ್ಕಿಂತ ದೊಡ್ಡದು ಓಓಡಿ. ಸರ್ಕಾರಿ ನೌಕರರು, ಮೇಷ್ಟ್ರುಗಳು ಸಮ್ಮೇಳನಕ್ಕೆ ಬಂದ ದಿನಗಳನ್ನು ಅನ್ಯಕಾರ್ಯ ನಿಮಿತ್ತ ಅಂತ ಬರೆದುಕೊಳ್ಳುತ್ತಾರೆ, ರಜೆ ಕಳೆಯುವುದಿಲ್ಲ. ಹಾಜರಾತಿ ಪತ್ರದ ಕೌಂಟರಿನ ಮುಂದೆ ಊಟದ ಸಾಲಿಗಿಂತ ಉದ್ದದ ಸಾಲು ಇರುತ್ತದೆ ಅಂತ ನಾವೇ ತಮಾಷೆ ಮಾಡುತ್ತೇವೆ. ತಮಾಷೆ ಮಾಡಿ, ಆದರೆ ಆ ಓಓಡಿ ಇಲ್ಲದಿದ್ದರೆ ದೂರದ ತಾಲ್ಲೂಕಿನ ಎಷ್ಟು ಮೇಷ್ಟ್ರು ಬರುತ್ತಿದ್ದರು?

ಇದಕ್ಕೆ ಸರ್ಕಾರದ ದುಡ್ಡು ಇದೆ ನಿಜ. ಅದನ್ನು ಅಂತರರಾಷ್ಟ್ರೀಯ ಸಮುದಾಯಗಳು ನಕಲು ಮಾಡಲಾಗದು. ಸಮಯಕ್ಕೂ ಬೆಲೆ ಇದೆ ಅನ್ನುವ ತಿಳಿವಳಿಕೆಯನ್ನು ಮಾತ್ರ ನಕಲು ಮಾಡಬಹುದು. ಈ ಸಮ್ಮೇಳನಗಳು ಜುಲೈ, ಆಗಸ್ಟಿನಲ್ಲೇ ಯಾಕೆ ಹೆಚ್ಚಾಗಿ ನಡೆಯುತ್ತವೆ? ಆಗ ಯುರೋಪಿನಲ್ಲಿ ಬೇಸಿಗೆ ರಜೆ. ನಮ್ಮಲ್ಲಿ ಶಾಲೆ ಶುರುವಾಗಿ ಪಾಠ ಜೋರಾಗಿ ನಡೆಯುವ ಕಾಲ, ಗದ್ದೆ ಇರುವವರಿಗೆ ನಾಟಿಯ ಕಾಲ. ನಮ್ಮ ರಜೆ ಏಪ್ರಿಲ್, ಮೇ. ಆಮೇಲೆ ದಸರೆಗೆ ಒಂದಿಷ್ಟು. ತಮಾಷೆ ನೋಡಿ, ಜುಲೈ, ಆಗಸ್ಟಿನಲ್ಲಿ ಯುರೋಪಿಗೆ ಹೋಗುವ ವಿಮಾನ, ಅಲ್ಲಿನ ಹೋಟೆಲು ಎಲ್ಲವೂ ದುಬಾರಿ. ದಸರೆಯ ವಾರದಲ್ಲಿ ಮೈಸೂರಿನಲ್ಲಿ ರೂಮು ಹುಡುಕಿದವರಿಗೆ ಇದು ಅರ್ಥವಾಗುತ್ತದೆ. ದಸರೆಯಲ್ಲಿ ಮೈಸೂರಿನಲ್ಲಿ ಸಮ್ಮೇಳನ ಮಾಡಿ ರೂಮ್ ರೇಟು ಜಾಸ್ತಿ ಅಂತ ದೂರುವವರನ್ನು ನಾವು ಏನನ್ನುತ್ತೇವೆ?

ಆನ್‌ಲೈನ್ ಮಾಡಿಬಿಡಿ ಅನ್ನುವವರಿದ್ದಾರೆ. ಕೋವಿಡ್ ಕಾಲದಲ್ಲಿ 2021ರ ವಿಕಿಮೇನಿಯಾ ಪೂರ್ತಿ ಆನ್‌ಲೈನ್ ಆಯಿತು. ಖರ್ಚು ಉಳಿಯಿತು, ಹೊಸಬರು ಬಂದರು. ಅಮೆರಿಕದ ಪಶ್ಚಿಮ ತೀರದಲ್ಲಿ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಯ ಗೋಷ್ಠಿ ನಮಗೆ ರಾತ್ರಿ ಎರಡೂವರೆಗೆ ಅನ್ನುವುದು ಒಂದು ಕಷ್ಟ. ನೈರೋಬಿಯಾದರೆ ಬೆಳಗ್ಗೆ ಒಂಬತ್ತು ಅಂದರೆ ನಮಗೆ ಹನ್ನೊಂದೂವರೆ, ಪರವಾಗಿಲ್ಲ. ಇನ್ನೊಂದು ಕಷ್ಟ ಗಡಿಯಾರದ್ದಲ್ಲ. ಮನೆಯಲ್ಲಿ ಕೂತು ಸಮ್ಮೇಳನ ನೋಡುವವರನ್ನು ಮನೆಯವರು ಸಮ್ಮೇಳನದಲ್ಲಿದ್ದಾರೆ ಅಂತ ಒಪ್ಪುವುದಿಲ್ಲ. ಕುಕ್ಕರ್ ಕೂಗುತ್ತದೆ, ಹಾಲಿನವನು ಬರುತ್ತಾನೆ, "ಸ್ವಲ್ಪ ಬಾಗಿಲು ತೆಗಿ" ಅನ್ನುತ್ತಾರೆ. ಹೆಂಗಸರಿಗೆ ಇದು ಎರಡು ಪಟ್ಟು. ನನ್ನ ಹೆಂಡತಿ ಒಂದು ಆನ್‌ಲೈನ್ ಕಾರ್ಯಾಗಾರವನ್ನು ಮುಕ್ಕಾಲು ಭಾಗ ಅಡುಗೆಮನೆಯಲ್ಲೇ ಕೇಳಿದಳು. ಒಂದು ಪ್ರಶ್ನೆ ಕೇಳೋಣ ಅಂತ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಗೋಷ್ಠಿ ಮುಗಿದಿತ್ತು.

ಅಲ್ಲದೆ ನಿಜವಾದ ಕೆಲಸ ಆಗುವುದು ಕಾಫಿ ಬಿಡುವಿನಲ್ಲಿ. ಮೇಷ್ಟ್ರು ಮಾಡಿ ಬಂದ ಒಳ್ಳೆಯ ಕೆಲಸ ಅಂದೆನಲ್ಲ, ಅದು ಹೀಗಾಯಿತು. ಒಂದು ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಅರ್ಧ ಕತ್ತರಿಸಿ ಕಾಣುತ್ತಿದ್ದವು. ಎರಡು ವರ್ಷದಿಂದ ಬರೆದು ಬರೆದು ಇಟ್ಟಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಲ್ಲಿ ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗಿ ಅದೇ ಭಾಗ ನೋಡಿಕೊಳ್ಳುವವಳು. ಮೇಷ್ಟ್ರು ಮೊಬೈಲ್ ತೆಗೆದು 'ರಾಷ್ಟ್ರ' ಅನ್ನುವ ಪದ ಹೇಗೆ ಕಾಣುತ್ತದೆ ಅಂತ ತೋರಿಸಿದರು. ಆ ಹುಡುಗಿಗೆ ಕನ್ನಡ ಬರದು. ಆದರೆ ಅಕ್ಷರದ ಕಾಲು ಕತ್ತರಿಸಿರುವುದು ಕಾಣಲು ಕನ್ನಡ ಬರಬೇಕಾಗಿಲ್ಲ. ಮೂರನೇ ದಿನಕ್ಕೆ ಸರಿಯಾಯಿತು.

ಮೈಸೂರಿನಲ್ಲಿ ಇಂಥದ್ದೊಂದು ಮಾಡಬಹುದೇ ಅಂತ ಆಗಾಗ ಮಾತು ಬರುತ್ತದೆ. 1985ರಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇಲ್ಲೇ. ಭಾಷೆಯ ಕೆಲಸಕ್ಕೆ ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ. ಮಾತು ಮತ್ತು ಕಿವಿಯ ವಿಷಯದಲ್ಲಿ ದೇಶಕ್ಕೇ ದೊಡ್ಡದಾದ ವಾಕ್ ಶ್ರವಣ ಸಂಸ್ಥೆ 1965ರಿಂದ ಇಲ್ಲಿದೆ. ಕಿವಿ ಕೇಳದವರಿಗೂ ವೇಗದ ಇಂಗ್ಲಿಷ್ ಹಿಡಿಯಲಾಗದವರಿಗೂ ಪರದೆಯ ಮೇಲೆ ಮಾತು ಅಕ್ಷರವಾಗಿ ಮೂಡಿದರೆ ಒಂದೇ ಥರ ಅನುಕೂಲ. ಅಂಥದ್ದಕ್ಕೆ ಸಲಹೆ ಕೇಳಲು ಬೇರೆ ಊರಿಗೆ ಹೋಗಬೇಕಿಲ್ಲ. ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ವಿದೇಶದ ವಿಮಾನ ಬರುವುದಿಲ್ಲ, ಬಂದವರು ದೇವನಹಳ್ಳಿಯಿಂದ ಬಸ್ಸಿನಲ್ಲೇ ಬರಬೇಕು. ಅದು ದೊಡ್ಡ ಅಡ್ಡಿಯಲ್ಲ. ದೊಡ್ಡ ಅಡ್ಡಿ ಹಣದ ದಾರಿ. ಹೊರದೇಶದ ಪ್ರತಿಷ್ಠಾನ ನಮ್ಮಂಥ ಹವ್ಯಾಸಿ ಗುಂಪಿಗೆ ನೇರವಾಗಿ ದುಡ್ಡು ಕಳಿಸಲಾಗದು. ವಿದೇಶಿ ದೇಣಿಗೆ ಪಡೆಯಲು ನೋಂದಣಿ ಅಥವಾ ಮುಂಚಿನ ಅನುಮತಿ ಇರಬೇಕು. ನೋಂದಣಿ ಇರುವ ಸಂಸ್ಥೆ ತಾನು ಪಡೆದದ್ದನ್ನು ಇನ್ನೊಬ್ಬರಿಗೆ ದಾಟಿಸುವುದನ್ನೂ 2020ರ ತಿದ್ದುಪಡಿ ನಿಲ್ಲಿಸಿದೆ. ಹಾಗಾಗಿ ಇಲ್ಲಿಯ ದುಡ್ಡಿನಲ್ಲಿ, ಇಲ್ಲಿಯ ಕಾಲೇಜಿನ ಸಭಾಂಗಣದಲ್ಲಿ, ಇನ್ನೂರು ಮುನ್ನೂರು ಜನಕ್ಕೆ ಆಗುವಷ್ಟನ್ನೇ ಮಾಡಬೇಕು. ಏಪ್ರಿಲ್ ಕೊನೆಯಲ್ಲಿ ಮಾಡಿದರೆ ಹಾಸ್ಟೆಲುಗಳೂ ಖಾಲಿ, ಮೇಷ್ಟ್ರುಗಳೂ ಖಾಲಿ.

ಈ ವರ್ಷ ಅದೇ ಸಮ್ಮೇಳನದವರು ಮತ್ತೆ ಅರ್ಜಿ ಕರೆದಾಗ ಮೇಷ್ಟ್ರು ಹಾಕಲಿಲ್ಲ. ಬದಲು ಅವರಿಗೆ ಒಂದು ಪತ್ರ ಬರೆದರು. ನನಗೂ ತೋರಿಸಿದ್ದರು, ಇಂಗ್ಲಿಷ್ ಸ್ವಲ್ಪ ತಿದ್ದಿಕೊಟ್ಟೆ. ಅದರಲ್ಲಿ ಮೂರು ಪ್ರಶ್ನೆ. ಫಲಿತಾಂಶ ಫೆಬ್ರವರಿಯೊಳಗೆ ಹೇಳಬಹುದೇ? ವೀಸಾ ಫೀಸು ಮುಂಗಡ ಕೊಡಬಹುದೇ? ಬಿಲ್ಲು ತಲುಪಿದ ಎಷ್ಟು ದಿನಕ್ಕೆ ದುಡ್ಡು ಹಾಕುತ್ತೀರಿ? ಒಂದು ವಾರದಲ್ಲೇ ಉತ್ತರ ಬಂತು. ಮೊದಲ ಎರಡಕ್ಕೆ ಹೌದು ಅಂದಿದ್ದಾರೆ. ಮೂರನೆಯದನ್ನು ಸಮಿತಿಯಲ್ಲಿ ಚರ್ಚಿಸುತ್ತಾರಂತೆ.

ಮೊನ್ನೆ ಫೋನ್ ಮಾಡಿದಾಗ ಚೀಟಿ ಎಲ್ಲಿಗೆ ಬಂತು ಅಂತ ಕೇಳಿದೆ. "ಇನ್ನೂ ಐದು ಕಂತವೆ ಕಣಣ್ಣ," ಅಂದರು.